ನೀಲಿ ಚೀಟಿ, ಬಿಳಿ ಚೀಟಿ

ಮತ್ತೆ ಪುದೀನ, ಇಲಿಗಳ ಕೋಣೆಗೆ ಪುದೀನ ಜಗಿಯುತ್ತಾ ಬರಬಾರದು ಎಂದು ಬಾಗಿಲಿಗೇ ಬರೆದು ಅಂಟಿಸಿದೆ, ಸೆಂಟು ಬೇಡ, ಘಮಘಮಿಸುವ ಸೋಪು ಬೇಡ, ವಾಸನೆ ಬದಲಾದರೆ ಇಲಿ ಹೆದರುತ್ತದೆ, ಹೆದರಿದ ಇಲಿಯ ಅಂಕಿ ಯಾವ ಕೆಲಸಕ್ಕೂ ಬಾರದು — ಕಲಿಯಲು ಬಂದ ಹದಿನಾಲ್ಕು ಜನ ಸಂಶೋಧಕರಿಗೆ ಬೆಳಿಗ್ಗೆಯಿಂದ ಇದನ್ನೇ ಗಿಣಿಪಾಠ ಮಾಡಿಸಿದ್ದಾಯಿತು, ಈಗ ಆ ನಿಯಮ ಮಾಡಿದ ದೊಡ್ಡ ಮನುಷ್ಯನೇ, ಡಾಕ್ಟರ್ ಥ್ಯಾಕ್ಸ್ಟರ್, ಊಟಕ್ಕೆ ತಿಂದ ಏಡಿಯ ಮೇಲೆ ಪುದೀನ ಜಗಿಯುತ್ತಾ ಬೆನ್ನ ಹಿಂದೆ ನಿಂತಿದ್ದಾನೆ, ಕ್ಲೊಡೆಟ್‌ಗೆ ತಿರುಗಿ ನೋಡಬೇಕಾಗಿಲ್ಲ, ಅವನ ಪ್ರಯೋಗಶಾಲೆಯಲ್ಲಿ ದುಡಿಯುತ್ತಾ ಮೂವತ್ತೊಂದು ವರ್ಷ ಆ ಬಾಯಿಯ ವಾಸನೆ ಕುಡಿದಿದ್ದಾಳೆ, ಥೂ. ಪಂಜರಗಳ ಉಚ್ಚೆಯ ನಾತವೇ ಎಷ್ಟೋ ವಾಸಿ. ಊಟದ ಹೊತ್ತಿಗೆ ಮೊಗಸಾಲೆಯಲ್ಲಿ ಹತ್ತಿರ ಬಂದು, ಮೀಸೆಯಲ್ಲಿ ಮೇಯನೇಸ್ ಅಂಟಿಸಿಕೊಂಡೇ ಪಿಸುಗುಟ್ಟಿದ, ಬೋರ್ಡಿನ್ ಮೇಲಿರೋ ನಿನ್ ಸಾಲು ಅಳಿಸ್ಬಿಡೋಣ ಕ್ಲೊಡೆಟ್, ನೀನೇನು ಇಲ್ಲಿ ಕಲಿಯೋಕೆ ಬಂದವಳಾ, ಅದನ್ನ ಲೆಕ್ಕಕ್ಕೆ ಹಿಡಿಯೋದು ಬೇಡ — ಹೂಂ ಅಂದಳು, ಅಂದೇಬಿಟ್ಟಳು, ಅವನು ಹೇಳಿದ್ದಕ್ಕೆ ಹೂಂ ಅನ್ನುವುದೊಂದು ಅವಳ ಬಾಯಿಗೆ ಅಂಟಿಹೋಗಿದೆ.

ಆದರೆ ಬೋರ್ಡಿನ ಮೇಲೆ ಸಾಲು ಇನ್ನೂ ಇದೆ, ಎಲ್ಲಕ್ಕಿಂತ ಮೇಲೆ, ಕ್ಲೊಡೆಟ್ ಪೆಲ್ಟಿಯೆ, ನೀಲಿ ನೂರಹನ್ನೆರಡು, ಬಿಳಿ ಎಂಬತ್ತೇಳು. ಗ್ರಾಂ ಲೆಕ್ಕ. ಮುದಿ ಇಲಿ ಮುಂಗಾಲಿನಿಂದ ತಂತಿಬಲೆ ಹಿಡಿಯುತ್ತದೆ, ನಾವು ಬಾಲ ಹಿಡಿದು ಹಿಂದಕ್ಕೆ ಎಳೆಯುತ್ತೇವೆ, ಎಷ್ಟು ಬಲದವರೆಗೆ ಬಿಡದೆ ಹಿಡಿದಿತ್ತು ಎಂದು ಯಂತ್ರ ತೋರಿಸುತ್ತದೆ, ಮುಪ್ಪು ಎಷ್ಟು ಬಂದಿದೆ ಅನ್ನುವುದಕ್ಕೆ ಅದೊಂದು ಅಳತೆ, ಅಷ್ಟೇ ವಿದ್ಯೆ — ತಟ್ಟನೆ ಎಳೆದರೆ ಬೇಗ ಬಿಟ್ಟುಬಿಡುತ್ತದೆ, ಹದವಾಗಿ ಎಳೆದರೆ ಬಿಗಿಯಲು ಅದಕ್ಕೂ ಸಮಯ ಸಿಗುತ್ತದೆ, ನಾಲ್ಕು ಗುಲಾಬಿ ಬೆರಳು ತಂತಿಯ ಸುತ್ತ ಬಿಗಿಯುವುದು ಕಾಣುತ್ತದೆ. ಈ ವರ್ಷ ಹೊಸದಾಗಿ ಕಲಿಸಲು ಸೇರಿದ ಮಾರಿಸೊಲ್, ವಿನಿಪೆಗ್ ಕಡೆಯ ಹುಡುಗಿ, ಬೆಳಿಗ್ಗೆ ಎಷ್ಟು ವಿನಯದಿಂದ ಕರೆದಳು, ಮೇಡಂ ಮೊದ್ಲು ನೀವೇ ಎಳ್ದು ತೋರ್ಸಿ, ನಿಮ್ ಕೈ ನೋಡಿ ಇವ್ರೆಲ್ಲ ಕಲೀಲಿ, ನೀಲಿ ಚೀಟಿ ಇರೋ ಐದು ಪಂಜರಕ್ಕೆ ಔಷಧಿ ಕೊಟ್ಟಿದೆ, ಬಿಳಿ ಚೀಟಿದು ಬರೀ ನೀರು. ಎಳೆದಳು. ಎಲ್ಲರೂ ಎಳೆದರು. ಆಮೇಲೆ ಆ ಹುಡುಗಿ ಬೋರ್ಡಿನ ಪಕ್ಕ ನಿಂತು, ಕೋಪ ಮಾಡ್ಕೋಬೇಡಿ, ಹತ್ತು ಪಂಜರಕ್ಕೂ ಬರೀ ನೀರೇ ಹಾಕಿದ್ದು ಅಂದಳು. ನಗು. ಕೆಟ್ಟ ನಗುವೇನಲ್ಲ, ಅವರೂ ಒಂದಿಷ್ಟು ಮೋಸಹೋಗಿದ್ದರು, ನೀಲಿಗೂ ಬಿಳಿಗೂ ನಡುವೆ ಮೂರು ಗ್ರಾಂ, ಐದು ಗ್ರಾಂ — ಇಪ್ಪತ್ತೈದು ಗ್ರಾಂ ಮೋಸಹೋದವಳು ಅವಳೊಬ್ಬಳೇ. ಅಯ್ಯೋ, ಅನುಭವಸ್ಥರ ಕೈ ಅಂದ್ರೆ ಇದು ನೋಡ್ರಿ ಅಂತ ಯಾರೋ ಅಂದ, ಅವಳೂ ಹಲ್ಲು ಕಿರಿದಳು, ಕೈಗವಸಿನೊಳಗೆ ಬೆವರು ಕಿಚಕಿಚ ಅನ್ನುತ್ತಿತ್ತು, ಈಗಲೂ ಅನ್ನುತ್ತಿದೆ, ಬಿಚ್ಚಿ ಬಿಸಾಡಬೇಕು ಅನಿಸುತ್ತದೆ, ಗವಸನ್ನಲ್ಲ, ಕೈಯನ್ನೇ.

ಯಾಕೆಂದರೆ ಕೈಗೆ ಗೊತ್ತಿತ್ತು, ಈ ಹೇಸಿಗೆ ಕೈಗೆ ಹನ್ನೊಂದು ವರ್ಷದಿಂದಲೂ ಗೊತ್ತಿತ್ತು. ಥ್ಯಾಕ್ಸ್ಟರನಿಗೆ ಹೆಸರು ತಂದ, ಮುಪ್ಪಿನ ಔಷಧಿಯ ಆ ದೊಡ್ಡ ಅಧ್ಯಯನದ ಇನ್ನೂರು ಇಲಿಗಳನ್ನೂ ಎಳೆದದ್ದು ಅವಳೊಬ್ಬಳೇ, ಚೀಟಿಗಳು ಕಣ್ಣೆದುರಿಗೇ ಇದ್ದವು, ಮುಚ್ಚಿ ಅಂತ ಯಾರೂ ಹೇಳಲಿಲ್ಲ, ಶುಕ್ರವಾರ ಶುಕ್ರವಾರ ಬಂದು ಕೇಳುತ್ತಿದ್ದ, ಏನಮ್ಮಾ, ನಮ್ ನೀಲಿ ಹುಡುಗ್ರು ಗಟ್ಟಿಯಾಗಿದಾರಾ — ಗಟ್ಟಿಯಾಗಿದಾರೆ ಡಾಕ್ಟ್ರೇ ಅನ್ನುವುದರಲ್ಲಿ ಎಂಥದೋ ಸುಖವಿತ್ತು, ಮನೆಮಕ್ಕಳ ಅಂಕಪಟ್ಟಿ ಓದಿದ ಹಾಗೆ. ಪ್ರಬಂಧ ಅಚ್ಚಾಗಿ ಬಂದಾಗ ಓದಿದಳು, ಅಳೆದವರಿಗೆ ಯಾವುದು ಔಷಧಿಯ ಇಲಿ ಎಂದು ತಿಳಿದಿರಲಿಲ್ಲ ಅಂತ ಬರೆದಿದ್ದ. ಎರಡು ಸಲ ಓದಿದಳು. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ತನ್ನ ಹೆಸರನ್ನು ಮೂರು ಸಲ ಓದಿ, ಆ ಪುಟ ಹರಿದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ತಂಗಿ ರೋಲಾಂಡ್ ಅದನ್ನು ಅಲ್ಲೇ ನೋಡಿ ಅದೇ ಔಷಧಿಯ ಗುಳಿಗೆ ಶುರು ಮಾಡಿದ್ದು, ದಿನಾ ಕಾಫಿಯ ಜೊತೆ ಎರಡು, ಬಿದ್ದು ಮೂಳೆ ಮುರಿದುಕೊಳ್ಳದ ಹಾಗೆ ಕಾಲು ಗಟ್ಟಿಮಾಡುವ ವ್ಯಾಯಾಮದ ಕ್ಲಾಸು ಬಿಟ್ಟಳು, ನಿನ್ ಇಲಿಗಾಗಿದ್ದು ನಂಗಾಗಲ್ವಾ ಅಕ್ಕ, ನೀನೇ ಕೈಯಾರೆ ಅಳ್ದಿದೀಯಲ್ಲ — ಮಾರ್ಚಿನಲ್ಲಿ ಸ್ನಾನದ ಮನೆಯಲ್ಲಿ ಬಿದ್ದಳು, ಸೊಂಟ ಮುರಿಯಿತು, ಟಬ್ಬಿನ ಅಂಚನ್ನು ಹಿಡಿದೆ ಅಕ್ಕ, ಕೈ ನಿಲ್ಲಲಿಲ್ಲ ಅಂದಳು, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು ಸೇಬು ಹೆಚ್ಚಿಕೊಡುತ್ತಾ, ನಿನಗೆ ವಯಸ್ಸಾಯಿತು ಕಣೇ ಅಂದದ್ದು ಯಾರು, ಇದೇ ಬಾಯಿ. ಆ ಬೆರಳುಗಳು ಅಂಚಿನಿಂದ ಒಂದೊಂದಾಗಿ ಜಾರಿದ್ದು ನೋಡದಿದ್ದರೂ ಕಾಣುತ್ತದೆ, ಒಮ್ಮೆ ರೋಲಾಂಡಳ ಬೆರಳು, ಒಮ್ಮೆ ಗುಲಾಬಿ ಬೆರಳು.

ಎರಡ್ನೇ ಸುತ್ತು ಶುರು ಮಾಡೋಣ್ವಾ ಅಂದಳು ಮಾರಿಸೊಲ್, ಈಗ ಚೀಟಿಗೆಲ್ಲ ಕಾಗದ ಅಂಟ್ಸಿ ಪಂಜರ ಅದಲುಬದಲು ಮಾಡ್ಸಿದೀನಿ, ನಂಗೂ ಗೊತ್ತಿಲ್ಲ ಯಾವ್ದು ಯಾವ್ದು ಅಂತ. ಥ್ಯಾಕ್ಸ್ಟರ್ ಬೋರ್ಡಿನ ಹತ್ತಿರ ಹೋಗುತ್ತಿದ್ದಾನೆ, ಒರೆಸುವ ಬಟ್ಟೆ ಅವನ ಕೈಯಲ್ಲಿ, ಎಷ್ಟು ಸಹಜವಾಗಿ ಹೋಗುತ್ತಿದ್ದಾನೆ, ಕ್ಲೊಡೆಟ್ ನಿನ್ ಸರಿಯಾದ ಎಳೆತ ಒಂದ್ಸಲ ತೋರ್ಸಿಬಿಡು, ಬೆಳಿಗ್ಗೆ ಏನೋ ಸುಸ್ತಾಗಿದ್ದೆ ಪಾಪ. ಪಾಪವಂತೆ. ಪಂಜರ ತೆರೆದಳು, ಬೂದು ಬಣ್ಣದ ಗೂನುಬೆನ್ನಿನ ಮುದುಕಿ ಇಲಿ, ಬಾಲ ಹಿಡಿದು ಇಳಿಸಿದಳು, ಮುಂಗಾಲು ತಂತಿಯನ್ನು ಹುಡುಕಿ ಹಿಡಿಯಿತು. ಹಿಂದಿನ ಸಾಲಿನಿಂದ ಕನ್ನಡಕದ ಹುಡುಗನೊಬ್ಬ ಕೈಯೆತ್ತಿದ, ಮೇಡಂ, ನಿಮ್ಮ ಆ ಹಳೇ ಅಧ್ಯಯನ ಇದ್ಯಲ್ಲ, ಅದ್ರಲ್ಲಿ ಚೀಟಿ ಮುಚ್ಚಿದ್ರಾ? ಥ್ಯಾಕ್ಸ್ಟರ್ ಬೋರ್ಡಿನಿಂದಲೇ ತಿರುಗಿದ, ಮುಚ್ಚಿತ್ತು ಕಣಪ್ಪ, ಪ್ರಬಂಧದಲ್ಲೇ ಬರ್ದಿದೀವಲ್ಲ, ಸರಿಯಾಗಿ ಓದು — ಪುದೀನ ಇಡೀ ಕೋಣೆಗೆ ಹರಡಿತು, ಎಳಿ ಕ್ಲೊಡೆಟ್ — ಹೂಂ, ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು ಆ ಹೂಂ, ವಾಂತಿಯ ಹಾಗೆ ಬಂದಿತ್ತು, ನುಂಗಿದಳು. ಮುಚ್ಚಿರ್ಲಿಲ್ಲ. ಯಾರ ದನಿ ಇಷ್ಟು ಜೋರಾಗಿ, ತನ್ನದೇ. ಇನ್ನೂರಕ್ಕೆ ಇನ್ನೂರೂ ತೆರೆದೇ ಇದ್ವು, ಎಳ್ದಿದ್ದು ನಾನು, ನೀಲಿನ ಮೆಲ್ಲಗೆ ಎಳ್ದೆ, ಬಿಳೀನ ಬೀಸಾಗಿ ಎಳ್ದೆ, ಆ ಸಾಲು ಅಳಿಸ್ಬೇಡಿ ಡಾಕ್ಟ್ರೇ. ಒರೆಸುವ ಬಟ್ಟೆ ಅಲ್ಲೇ ನಿಂತಿತು. ಯಾರೂ ನಗಲಿಲ್ಲ. ಮಾರಿಸೊಲ್ ಪೆನ್ನು ಹಿಡಿದು ಅಂಕಿಗೆ ಕಾಯುತ್ತಿದ್ದಾಳೆ, ಹದಿನಾಲ್ಕು ಜನ ಕಾಯುತ್ತಿದ್ದಾರೆ, ಎಳೆಯಬೇಕು, ಆದರೆ ಹೇಗೆ, ಮೆಲ್ಲಗೋ, ಬೀಸಾಗಿಯೋ, ಕಾಗದದ ಕೆಳಗೆ ಯಾವ ಬಣ್ಣವಿದೆಯೋ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲದೆ ಈ ಕೈ ಎಂದೂ ಎಳೆದೇ ಇಲ್ಲ, ಈ ಕೈಗೆ ಬರುವುದೇ ಇಲ್ಲ — ತಂತಿಯ ಮೇಲೆ ನಾಲ್ಕು ಗುಲಾಬಿ ಬೆರಳು, ಬಿಗಿದುಕೊಂಡು, ಇನ್ನೂ ಬಿಗಿದುಕೊಂಡು, ನಾಲ್ಕು ಬೆರಳು