ಎರಡು ಬೆರಳು ಬಟ್ಟೆ

ಟೇಪು ತಣ್ಣಗಿದೆ, ಕೈ ಎತ್ತಿ ಅನ್ನುತ್ತಾಳೆ ದರ್ಜಿ ಹೆಂಗಸು, ಎತ್ತುತ್ತೇನೆ, ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಾಳಲ್ಲ, ನುಂಗಿಬಿಟ್ಟರೆ, ನುಂಗಲಿ, ನಾಳೆ ಒಂಬತ್ತು ಗಂಟೆಗೆ ರವಿಕೆ ಕೈಗೆ ಕೊಟ್ಟು ಆಮೇಲೆ ಬೇಕಾದ್ದು ನುಂಗಲಿ — ಥೂ, ಎಂಥ ಬಾಯಿ ನನ್ನದು, ಅಮ್ಮ ಇಲ್ಲಿದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದಳು. ಈ ಪರದೇಶದಲ್ಲಿ ರವಿಕೆ ಅಂದರೇನೆಂದೇ ಗೊತ್ತಿಲ್ಲದವಳಿಗೆ ಕಾಗದದ ಮೇಲೆ ಬರೆದು ತೋರಿಸಿದೆ, ಉದ್ದ ಇಷ್ಟೇ, ಹುಕ್ಕು ಮುಂದೆ, ಅಯ್ಯೋ ಹೊಟ್ಟೆಗೆ ಚಳಿ ಆಗಲ್ವಾ ಅಂತ ನಕ್ಕಳು, ನಾನೂ ನಕ್ಕೆ, ಅದು ಹೇಗೆ ಬಂತೋ ಆ ನಗು, ಚಳಿಯಂತೆ ಚಳಿ, ಆಸ್ಪತ್ರೆಯ ಕೆಳಮಾಳಿಗೆಯಲ್ಲಿ ಕಬ್ಬಿಣದ ಖಾನೆ ಎಳೆದು ನಿನ್ನೆ ನನ್ನ ತಂಗಿಯ ಮುಖ ತೋರಿಸಿದರಲ್ಲ, ಅಲ್ಲಿ ಎಷ್ಟು ಚಳಿಯೋ, ಇವರೇನಾ ಅಂದರು, ಹೂಂ ಅಂದೆ, ಇಲ್ಲಿ ಸಹಿ ಮಾಡಿ ಅಂದರು. ನಾಳೆ ಹತ್ತಕ್ಕೆ ಅವಳಿಗೆ ಬಟ್ಟೆ ಹಾಕುತ್ತಾರೆ, ಹನ್ನೊಂದಕ್ಕೆ ಬೆಂಕಿ. ಅಮ್ಮ ಫೋನಿನಲ್ಲಿ ಅಳಲೂ ಇಲ್ಲ, ನಾನು ಕೊಟ್ಟು ಕಳಿಸಿದ ಸೀರೆ ಉಡಿಸೇ, ರವಿಕೆ ಹೊಲಿಸಿ ಉಡಿಸು, ಮಗೂನ ಅರೆಬರೆ ಕಳಿಸ್ಬೇಡ ಅಂದಳು, ಅಷ್ಟೇ. ಆ ಬ್ಲೌಸ್ ಪೀಸು ಎರಡು ವರ್ಷದಿಂದ ಕತ್ತರಿಯನ್ನೇ ಕಂಡಿರಲಿಲ್ಲ. ಹೊಲಿಸೋಣ ಕಣೇ ಅಕ್ಕಾ, ಹೊಲಿಸೋಣ ಕಣೇ ಅಂತ ನನ್ನ ಹಿಂದೆಯೇ ಸುತ್ತುತ್ತಿದ್ದಳು, ಎಲ್ಲಿಗೆ ಉಟ್ಕೊಂಡು ಹೋಗ್ತೀಯೇ, ನೀನು ದುಡಿಯೋ ಆ ಹೋಟೆಲಿನ ಬೆಡ್‌ಶೀಟು ಒಗೆಯೋಕಾ ಅಂದಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳ.

ಯಾರಿಗೆ ಹೊಲೀಬೇಕು ಅಂತ ದರ್ಜಿ ಕೇಳಿದಳು, ನನಗೇ ಅಂದೆ, ನಿಜ ಹೇಳಿದರೆ ಹೊಲಿಯಲ್ಲ ಅಂದುಬಿಟ್ಟರೆ, ಸುಳ್ಳೂ ಅಲ್ಲ, ನಮ್ಮಿಬ್ಬರದೂ ಒಂದೇ ಮೈ, ಊರಲ್ಲಿ ಅಳತೆಗೆ ಅಂತ ಕೊಡುತ್ತಿದ್ದ ಹಳೇ ರವಿಕೆಯೂ ಒಂದೇ, ದರ್ಜಿಯಣ್ಣ ಯಾರದು ಅಂತ ಕೇಳುತ್ತಲೂ ಇರಲಿಲ್ಲ, ಒಂದು ನೋಡಿ ಎರಡು ಹೊಲಿಯುತ್ತಿದ್ದ, ಒಳಗೆ ಎರಡು ಬೆರಳು ಬಟ್ಟೆ ಬಿಡಪ್ಪಾ, ಬೆಳೆಯೋ ಹುಡುಗೀರು ಅಂತ ಅಮ್ಮನ ತಾಕೀತು, ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಅಗಲ ಮಾಡಿದರೆ ಕಂಕುಳಿನ ಪಕ್ಕ ಎರಡು ಬೆರಳಗಲ ಮಾತ್ರ ಹೊಚ್ಚಹೊಸ ಬಣ್ಣ, ಉಳಿದದ್ದೆಲ್ಲ ಮಾಸಲು, ತಂಗಿ ಅದನ್ನು ಮೂಸಿ ನೋಡುತ್ತಿದ್ದಳು, ಇನ್ನೂ ಅಂಗಡಿ ವಾಸನೆ ಇದೆ ಕಣೇ ಅನ್ನುತ್ತಿದ್ದಳು — ತೋಳು ಸಡಿಲ ಬಿಡಿ ಅನ್ನುತ್ತಾಳೆ ದರ್ಜಿ, ಟೇಪು ಸುತ್ತಿ ಹನ್ನೆರಡೂವರೆ ಇಂಚು ಅಂತ ಬರೆದುಕೊಳ್ಳುತ್ತಾಳೆ. ಹನ್ನೆರಡೂವರೆ. ಅಯ್ಯೋ. ಹೋದ ಗುರುವಾರ ಅವಳ ಮೈ ಒರೆಸುವಾಗ ಆ ತೋಳು ನನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಸಿ ಇನ್ನೂ ಜಾಗ ಉಳಿದಿತ್ತಲ್ಲ, ನಾನೇ ಹಿಡಿದಿದ್ದೆನಲ್ಲ, ಏಳು ತಿಂಗಳ ಕಾಯಿಲೆ ಅವಳನ್ನು ಅರ್ಧ ಮಾಡಿತ್ತು, ಒಂದೇ ಮೈ ಅಂತೆ ಒಂದೇ ಮೈ, ಏಳು ತಿಂಗಳು ಪಕ್ಕದಲ್ಲೇ ಕೂತು ನಾನು ನೋಡಿದ್ದೇನು. ನಾಳೆ ಇದು ಅವಳ ಮೇಲೆ ಚೀಲದ ಹಾಗೆ ನೇತಾಡುತ್ತದೆ, ಅಮ್ಮ ಫೋನಿನಲ್ಲಿ ನೋಡುತ್ತಾಳೆ, ಯಾರ ರವಿಕೆ ಹಾಕಿದ್ಯೇ ಅನ್ನುತ್ತಾಳೆ.

ಬಿಗಿ ಮಾಡಿ ಅನ್ನುತ್ತೇನೆ. ಎಷ್ಟು ಅನ್ನುತ್ತಾಳೆ. ಎರಡು ಬೆರಳು ಸೇರಿಸಿ ಉಂಗುರ ಮಾಡಿ ತೋರಿಸುತ್ತೇನೆ, ತೋಳು ಇಷ್ಟು, ಎದೆಯೂ ಇದೇ ಲೆಕ್ಕದಲ್ಲಿ, ಅವಳು ಪಿನ್ನುಗಳನ್ನು ಬಾಯಿಂದ ತೆಗೆದು ನನ್ನ ಮುಖ ನೋಡುತ್ತಾಳೆ, ಅಷ್ಟು ಬಿಗಿಯಾದ್ರೆ ಉಸಿರಾಡೋಕಾಗಲ್ಲಮ್ಮ ಅನ್ನುತ್ತಾಳೆ, ಪರವಾಗಿಲ್ಲ ಅನ್ನುತ್ತೇನೆ, ಪರವಾಗಿಲ್ಲ ಹೊಲೀರಿ, ಅವಳು ತಲೆಯಾಡಿಸಿ ನಗುತ್ತಾಳೆ, ಸಣ್ಣಗಾಗೋ ಹುಚ್ಚು ಎಲ್ಲರಿಗೂ, ಆಗಲಿ, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರ್ತೀನಿ, ಮುಂದೆ ಮೈ ತುಂಬ್ಕೊಂಡ್ರೆ ಬಿಚ್ಚಿಸ್ಕೊಳ್ಳಿ, ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾಳೆ, ಬೇಡ ಅನ್ನಬೇಕು, ಗೆರೆಯ ಆಚೆ ಎರಡು ಬೆರಳು, ಮಾಸದ ಬಣ್ಣ, ಅಂಗಡಿ ವಾಸನೆ, ಎರಡು ಬೆರಳು ಬಟ್ಟೆ