ಅದೊಂದು ಬಿಟ್ಟು

ಮೈದುನ ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಓಡಿದ. ತೀರಿಕೊಂಡ ಸಂಗೀತ ನಿರ್ದೇಶಕರ ಹಾಡುಗಳನ್ನು ಅಭಿಮಾನಿಗಳು ಗೇಟಿನ ಹೊರಗೆ ಸ್ಪೀಕರ್ ಇಟ್ಟು ಬೆಳಗಿನಿಂದ ಹಾಕುತ್ತಿದ್ದರು. ಈಗ ಆ ಜೋಗುಳ ಶುರುವಾಗಿತ್ತು. ನಾಡಿಗೆಲ್ಲ ಮನೆಮಾತಾದ ಹಾಡು. ಈ ಮನೆಯ ಹೊಸ್ತಿಲು ದಾಟಲು ಮಾತ್ರ ಅದಕ್ಕೆ ಅಪ್ಪಣೆ ಇರಲಿಲ್ಲ.

"ಅತ್ತಿಗೆ ಒಳಗಿದ್ದಾರೆ, ಮೊದಲು ಅದನ್ನ ನಿಲ್ಲಿಸ್ರಪ್ಪಾ" ಎಂದು ಅವನು ಅಂಗಲಾಚುವುದು ಕಿಟಕಿಯಿಂದ ಕೇಳಿಸಿತು.

ಹಾಡು ಅರ್ಧಕ್ಕೇ ನಿಂತಿತು. ಗಂಡನ ದೇಹದ ಪಕ್ಕ ಗೋಡೆಗೊರಗಿ ಕೂತಿದ್ದ ಆಕೆ ತಲೆಯೆತ್ತಲಿಲ್ಲ.

*

ಬಹಳ ವರ್ಷಗಳ ಹಿಂದೆ ಗಂಡಹೆಂಡಿರಿಗಿದ್ದದ್ದು ಬಾಡಿಗೆಯ ಕೋಣೆ, ಹಳೆಯ ಹಾರ್ಮೋನಿಯಂ, ಒಂದು ಹೆಣ್ಣುಮಗು. ಮಗು ಎಷ್ಟೇ ರಚ್ಚೆ ಹಿಡಿದರೂ ಅಪ್ಪ ಒಂದು ರಾಗ ಗುನುಗಿದರೆ ತಣ್ಣಗಾಗುತ್ತಿತ್ತು. ಮಾತಿಲ್ಲದ ರಾಗ. ಜ್ವರ ನೆತ್ತಿಗೇರಿದಾಗಲೂ ಮಗುವನ್ನು ಹೆಗಲಿಗೆ ಹಾಕಿಕೊಂಡು, ಅದನ್ನೇ ಗುನುಗುತ್ತ, ಆಸ್ಪತ್ರೆಯ ವರಾಂಡದಲ್ಲಿ ಓಡಾಡಿದರು. ಮಗುವಿನ ಮೈ ತಣ್ಣಗಾದದ್ದೂ ಆ ಹೆಗಲ ಮೇಲೆಯೇ.

ಮುಂದಿನ ವರ್ಷ ಒಬ್ಬ ಸಿನಿಮಾ ನಿರ್ದೇಶಕ ತನ್ನ ಚಿತ್ರಕ್ಕೆ ಜೋಗುಳ ಬೇಕೆಂದು ಬಂದು ಕೂತ. ಹಾಕಿದ ರಾಗಗಳೆಲ್ಲ ಅವನಿಗೆ ಸಪ್ಪೆ. ಸುಸ್ತಾಗಿ ಇವರು ಹಾರ್ಮೋನಿಯಂ ಮೇಲೆ ಸುಮ್ಮನೆ ಬೆರಳಾಡಿಸುವಾಗ, ತಮಗೇ ತಿಳಿಯದಂತೆ, ಮಗುವಿನ ರಾಗ ಹೊರಟಿತು.

"ಇದೇ ಕಣ್ರೀ! ಇಷ್ಟು ಹೊತ್ತು ಯಾಕೆ ಬಚ್ಚಿಟ್ಟಿದ್ರಿ?"

ಇವರು ಸಂಗೀತ ಕೊಟ್ಟ ಹಿಂದಿನ ಚಿತ್ರಗಳೆಲ್ಲ ನೆಲಕಚ್ಚಿದ್ದವು. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಆಕೆ ಅದನ್ನು ಕೇಳಿದ್ದು ತಾರಸಿಯಲ್ಲಿ ಬಟ್ಟೆ ಹರವುವಾಗ, ಪಕ್ಕದ ಮನೆಯ ರೇಡಿಯೋದಲ್ಲಿ.

"ಅದು ಮಗೂದಲ್ವಾ?"

"ಬೇರೆ ಏನೂ ಹೊಳೀಲಿಲ್ಲ ಕಣೆ."

"ನಮ್ಮ ಹತ್ರ ಉಳಿದಿದ್ದು ಅದೊಂದೇ ಆಗಿತ್ತು."

ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಹಾಡು ಅವರನ್ನು ಕೈಹಿಡಿದು ಮೇಲೆತ್ತಿತು. ಮನೆ ಬಂತು, ಪ್ರಶಸ್ತಿ ಬಂತು, ಇನ್ನೊಂದು ಮಗು ಬರಲಿಲ್ಲ. ಆಕೆ ಗಂಡನ ಊಟಕ್ಕೆ, ಔಷಧಕ್ಕೆ ಕೊರತೆ ಮಾಡಲಿಲ್ಲ. ಅವರ ಸಂಗೀತ ಕಛೇರಿಗೆ ಮಾತ್ರ ಒಂದು ದಿನವೂ ಹೋಗಲಿಲ್ಲ.

*

ಕೊನೆಯವರೆಗೂ ಅವರ ವಾದ್ಯವೃಂದದಲ್ಲಿದ್ದ ಪಿಟೀಲಿನವರು ಬಂದು ಆಕೆಯ ಎದುರು ಕುಸಿದು ಕೂತರು.

"ಅಪಸ್ವರ ಬಂದ್ರೆ, ‘ಕೈಲಿರೋದು ಪಿಟೀಲೋ ಗರಗಸಾನೋ’ ಅಂತ ಬೈಯೋರು ಅಮ್ಮಾ. ಇನ್ನು ಯಾರು ಬೈತಾರೆ?" ನಗಲು ಹೋದವರು ಅತ್ತರು. ಕಣ್ಣೊರೆಸಿಕೊಂಡು, "ಆ ಹಾಡು ನಿಲ್ಲಿಸಿದ್ದು ಒಳ್ಳೇದಾಯ್ತು. ಮೇಷ್ಟ್ರಿಗೂ ಅದು ಆಗ್ತಿರಲಿಲ್ಲ" ಎಂದರು.

ಆಕೆ ತಲೆಯೆತ್ತಿದಳು. "ಅವರಿಗಾ?"

"ನಿಮಗೆ ಗೊತ್ತಿಲ್ವಾ? ಯಾವ ವೇದಿಕೇಲೂ ಅದನ್ನ ನುಡಿಸ್ಲಿಲ್ಲ. ಜನ ಗಂಟಲು ಹರಿಯೋ ಹಾಗೆ ಕೇಳೋರು. ‘ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ’ ಅಂತಿದ್ರು. ಯಾಕೆ ಅಂತ ನಾನೇ ಒಂದ್ಸಲ ಕೇಳ್ದೆ. ‘ಅದು ನಮ್ಮ ಮನೆಯವಳದು. ಕೇಳದೆ ತಗೊಂಡ್ಬಿಟ್ಟೆ. ವಾಪಸ್ ಕೊಡೋದು ಹೇಗೇಂತ ತಿಳೀತಿಲ್ಲ’ ಅಂದ್ರು."

ಆಕೆ ಗಂಡನ ಮುಖದತ್ತ ತಿರುಗಿದಳು.

"ಇದನ್ನ ನನಗೆ ಹೇಳ್ಬಹುದಿತ್ತಲ್ರೀ."

ಮೈದುನ ಒಳಗೆ ಬಂದ. "ನಿಲ್ಲಿಸಿದೆ ಅತ್ತಿಗೆ."

"ಹಾಕೋಕೆ ಹೇಳಪ್ಪ."

"ಅದನ್ನಾ?"

"ಅದನ್ನೇ. ಮೊದಲಿಂದ."

ಅವನು ಹೊರಗೆ ಹೋದ. ಹಾಡು ಶುರುವಾಯಿತು. ಗೇಟಿನಾಚೆ ಯಾರೋ ಬಿಕ್ಕಿದರು. ಆಕೆ ಹತ್ತಿರಕ್ಕೆ ಸರಿದಳು. ಗಂಡನ ಎದೆಯ ಮೇಲಿನ ಹೂಗಳನ್ನು ಬದಿಗೊತ್ತಿ, ಅಲ್ಲಿ ಅಂಗೈಯಿಟ್ಟು, ಲಯ ತಪ್ಪದಂತೆ ಮೆಲ್ಲಗೆ ತಟ್ಟತೊಡಗಿದಳು.