ಹದಿನಾರರ ಗಂಟಲು

ಐವತ್ಮೂರು ದಾಟಿದ ಆ ಡಬ್ಬಿಂಗ್ ಕಲಾವಿದೆಗೆ ಮಂಡಿನೋವಿತ್ತು, ಎದೆಯುರಿಯಿತ್ತು, ಕಾಲೇಜು ಓದುವ ಮಗಳಿದ್ದಳು. ಮೈಕಿನ ಮುಂದೆ ನಿಂತರೆ ಮಾತ್ರ ಆಕೆ ಹದಿನಾರರ ಹುಡುಗ. ಕಾರ್ಟೂನ್ ಧಾರಾವಾಹಿಯೊಂದರಲ್ಲಿ ಪಿಯಾನೊ ನುಡಿಸುತ್ತ, ಪಿಟೀಲಿನ ಹುಡುಗಿಯನ್ನು ನೆನೆದು ಕಂತಿಗೊಮ್ಮೆ ಬಿಕ್ಕುವವನು.

ಒಂಬತ್ತನೇ ಕಂತಿನಲ್ಲಿ ಅವನು ಪ್ರೀತಿ ಹೇಳಿಕೊಳ್ಳಬೇಕಿತ್ತು.

"ಅಕ್ಕಾ, ಅಳು ಚೆನ್ನಾಗಿದೆ. ಆದ್ರೆ ಬಸ್ ತಪ್ಪಿದವರ ಥರ ಇದೆ. ಇನ್ನೊಂಚೂರು ಹದಿನಾರು ಹಾಕಿ," ಎಂದ ಗಾಜಿನಾಚೆಯ ನಿರ್ದೇಶಕ, ಕಾಫಿಗೆ ಸಕ್ಕರೆ ಕೇಳುವವನ ಹಾಗೆ.

ಹಾಕಿದಳು. "ನೀನಿಲ್ಲದಿದ್ದರೆ..." ಎಂದು ಉಸಿರೆಳೆದು, ತಡೆದು, "ನನ್ನ ಬೆರಳುಗಳಿಗೆ ಕೆಲಸವೇ ಇಲ್ಲ," ಎಂದಳು. ನಡುವಿನ ಮೌನಕ್ಕೆ ಕಾರಣ ಭಾವವಲ್ಲ. ಕನ್ನಡಕ ಜಾರಿ ಮುಂದಿನ ಸಾಲು ಕಾಣಿಸಿರಲಿಲ್ಲ. ನಿರ್ದೇಶಕ ಕಣ್ಣೊರೆಸಿಕೊಂಡ.

ಕಂತು ಪ್ರಸಾರವಾದ ಮೂರನೇ ದಿನ ಸಂಜೆ, ತರಕಾರಿ ಚೀಲ ಹಿಡಿದು ಮನೆಯ ಮೆಟ್ಟಿಲೇರುತ್ತಿದ್ದವಳಿಗೆ ಅದೇ ಮಾತು ಕೇಳಿಸಿತು. ಬಾಗಿಲಲ್ಲಿ ಮಗಳು; ಎದುರಿಗೆ ಬೆನ್ನಿಗೆ ಗಿಟಾರ್ ಏರಿಸಿಕೊಂಡ ಒಬ್ಬ ಕಡ್ಡಿಪೈಲ್ವಾನ. "ನೀನಿಲ್ಲದಿದ್ದರೆ..." ಎಂದು ಉಸಿರೆಳೆದು ತಡೆದು ನಿಂತಿದ್ದ. ಮಗಳು ಕರಗಿ ನೀರಾಗುವುದೊಂದೇ ಬಾಕಿ.

ಆಕೆಗೆ ತಡೆಯಲಾಗಲಿಲ್ಲ. "ಅಷ್ಟು ಹೊತ್ತು ನಿಲ್ಲಿಸಬೇಡಪ್ಪಾ. ನನಗೆ ಅಲ್ಲಿ ಸಾಲು ಕಾಣ್ಲಿಲ್ಲ. ನಿನಗೇನಾಗಿದೆ?"

ಹುಡುಗ ಬಿಳಿಚಿಕೊಂಡ. "ಅಂದ್ರೆ... ಅದು ನೀವಾ, ಆಂಟಿ?"

"ನಾನೇ. ಸ್ವಂತದ್ದೇನಾದ್ರೂ ಇದ್ರೆ ಹೇಳು."

ಅವನ ಕಿವಿ ಕೆಂಪಾಯಿತು. ಮಗಳ ಚಪ್ಪಲಿಯನ್ನೇ ನೋಡುತ್ತ ಒಡಕು ದನಿಯಲ್ಲಿ, "ನೀನು ಕ್ಲಾಸಿಗೆ ಬರದಿದ್ರೆ ನಂಗೆ... ಊಟ ಸೇರಲ್ಲ. ಗಿಟಾರ್ ಕೂಡ ಬರಲ್ಲ. ಇದು ನಮ್ಮಣ್ಣಂದು," ಎಂದ.

ಮೂವತ್ತು ವರ್ಷ ಮೈಕಿನೆದುರು ಅತ್ತಿದ್ದರೂ ಇಂಥದೊಂದು ತೊದಲು ಆಕೆಗೆ ದಕ್ಕಿರಲಿಲ್ಲ. "ಒಳಗೆ ಬಾ ಮಗಾ, ಕಾಫಿ ಕುಡಿ," ಎನ್ನುವಷ್ಟರಲ್ಲಿ ಮಗಳು ಮೂಗು ಮುರಿದಳು.

"ಅಣ್ಣಂದಾ? ಬರದೇ ಇದ್ಮೇಲೆ ಹೊತ್ಕೊಂಡು ತಿರುಗೋದ್ಯಾಕೆ?"

ಬಾಗಿಲು ದಢಾರೆಂದು ಮುಚ್ಚಿತು. ಹುಡುಗ ಗಿಟಾರನ್ನು ಮೆಟ್ಟಿಲ ಕಂಬಿಗೆ ಎರಡು ಸಲ ಬಡಿಸಿಕೊಂಡು ಇಳಿದು ಹೋದ. ಆಕೆ ತನ್ನ ಬಾಯಿಗೆ ತಾನೇ ಶಾಪ ಹಾಕುತ್ತ, ತನ್ನದೇ ಮನೆಯ ಕರೆಗಂಟೆ ಒತ್ತಿ ನಿಂತಳು.

ಭಾನುವಾರ ಆ ಕಂತಿನ ಮರುಪ್ರಸಾರ. ಮಗಳು ದಿಂಬು ತಬ್ಬಿಕೊಂಡು ಗೊಳೋ ಎನ್ನುತ್ತಿದ್ದಳು.

"ಪ್ರೀತಿ ಅಂದ್ರೆ ಇದಮ್ಮಾ! ಹೇಗೆ ಹೇಳ್ತಾನೆ ನೋಡು."

"ಅದು ನನ್ನ ಧ್ವನಿ ಕಣೇ!"

"ಗಂಟಲು ನಿಂದು. ಪ್ರೀತಿ ಅವನದು. ಸ್ವಲ್ಪ ಸುಮ್ನಿರ್ತೀಯಾ?"

ಆಕೆ ಅಡುಗೆಮನೆಗೆ ಹೋಗಿ ಬಿಸಿನೀರಿಗೆ ಉಪ್ಪು ಬೆರೆಸಿ ಗಂಟಲು ಮುಕ್ಕಳಿಸತೊಡಗಿದಳು. ಹತ್ತನೇ ಕಂತಿನಲ್ಲಿ ಅವನು ಪೂರ್ತಿ ಐದು ನಿಮಿಷ ಅಳುವುದಿತ್ತು.